ನಿಮ್ಮಲ್ಲಿ ಎಷ್ಟೈತಿ?

ಚನ್ನಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುತ್ತಿದ್ದದ್ದು ಮನೆಯವರನ್ನಲ್ಲ, ಟ್ಯೂಬ್‌ಲೈಟನ್ನು. ಚಪ್ಪಲಿ ಬಿಟ್ಟು ಒಳಗೆ ಬಂದವರೇ ಕತ್ತು ವಾಲಿಸಿ, ಎಡಗಿವಿಯನ್ನು ಮೇಲಕ್ಕೆ ಮಾಡಿ, ಅದರ ಚೋಕು ಗುಂಯ್‌ಗುಡುವುದನ್ನು ಕೇಳುತ್ತ ನಿಂತುಬಿಡುವರು. "ನಲವತ್ತೊಂಬತ್ತರ ಕೆಳಗೈತಿ" ಎಂದು ತೀರ್ಪು ಕೊಟ್ಟ ಮೇಲೆಯೇ "ಅವ್ವ ಆರಾಮ ಅದಾಳೇನು?" ಎಂಬ ಪ್ರಶ್ನೆ. ನಮ್ಮ ಅಕ್ಕನಿಗೆ ಗಂಡು ನೋಡಲು ಹೋದಾಗಲೂ ಹೀಗೇ ಮಾಡಿದರು. ಗಂಡಿನ ಅಪ್ಪ ಇವರಿಗೆ ಕಿವಿ ಮಂದ ಎಂದು ತಿಳಿದು, ಇಡೀ ಸಂಜೆ ಒದರಿ ಒದರಿ ಮಾತಾಡಿದ. ಸಂಬಂಧ ಕೂಡಿಬಂತು, ಆ ಬೀಗರು ಇವತ್ತಿಗೂ ನಮ್ಮ ಮನೆಯವರ ಜೊತೆ ಜೋರಾಗಿಯೇ ಮಾತಾಡುತ್ತಾರೆ.

ಕಾಕಾನ ಕಿವಿ ಮಂದವಲ್ಲ. ಅಂಥ ಕಿವಿ ಹೈದರಾಬಾದಿನಲ್ಲಿ ಇನ್ನೊಂದಿರಲಿಲ್ಲ. ನನ್ನದೊಂದನ್ನು ಬಿಟ್ಟರೆ, ಎಂದು ಸೇರಿಸಬೇಕು. ನಾನು ಹುಟ್ಟಾ ನಕಲಿ. ನಾಚಾರಂನ ಕಾಲೊನಿಯಲ್ಲಿ ನಾನು ದನಿ ಕದಿಯದ ಮನುಷ್ಯನಿಲ್ಲ. ಗಣಿತದ ಮೇಷ್ಟ್ರು, ಇಸ್ತ್ರಿಯ ಯಾದಗಿರಿ, ನಮ್ಮಪ್ಪ ಸಾಹೇಬರ ಮುಂದೆ ಆಡುವ ದನಿ, ಅವ್ವನ ಮುಂದೆ ಆಡುವ ದನಿ, ಎರಡೂ. ಓದಿನಲ್ಲಿ ನಾನು ಕಿಸಿದದ್ದು ಅಷ್ಟರಲ್ಲೇ ಇತ್ತು. ಆದರೆ ಊರಿಗೆ ಐ.ಟಿ. ಬಂತು, ಅದರ ಬಾಲ ಹಿಡಿದು ಕಾಲ್ ಸೆಂಟರ್ ಬಂತು, ಅಮೆರಿಕದವರ ಹಾಗೆ ಮೂಗಿನಲ್ಲಿ ಮಾತಾಡುವುದನ್ನು ಹುಡುಗರಿಗೆ ಕಲಿಸುವ ಕೆಲಸ ನನಗೆ ಸಿಕ್ಕಿತು. ಅಮೆರಿಕ ಇರಲಿ, ನಾನು ಆಗಿನ್ನೂ ಊರಿನ ಆ ತುದಿಯ ಲಿಂಗಂಪಲ್ಲಿ ದಾಟಿರಲಿಲ್ಲ.

ಕಾಕಾ ನಮ್ಮ ಕೆಳಗಿನ ಮನೆಯವರು. ಮೂಲ ಗದಗಿನ ಕಡೆ, ಕೆಲಸ ವಿದ್ಯುತ್ ನಿಯಂತ್ರಣ ಕೊಠಡಿಯಲ್ಲಿ. ಯಾವ ಊರಿಗೆ ಎಷ್ಟು ಕರೆಂಟು ಹೋಗಬೇಕು, ಸಾಲದಾದಾಗ ಯಾವುದನ್ನು ಕತ್ತರಿಸಬೇಕು ಎಂದು ಹಗಲೂ ರಾತ್ರಿ ಪಾಳಿಯ ಮೇಲೆ ನೋಡುವ ಜಾಗ ಅದು. ಆಫೀಸಿನಲ್ಲಿ ಹಳತಾಗಿ ಗುಜರಿಗೆ ಹೊರಟಿದ್ದ ಒಂದು ಮೀಟರನ್ನು ಕೇಳಿ ತಂದು ರಿಪೇರಿ ಮಾಡಿ, ಮನೆಯ ದೇವರ ಗೂಡಿನ ಪಕ್ಕಕ್ಕೆ ಹಾಕಿದ್ದರು. ಕೆಂಪು ಅಂಕಿಗಳಲ್ಲಿ ಐವತ್ತರ ಆಸುಪಾಸು ಕುಣಿಯುವುದು ಅದರ ಕೆಲಸ.

"ಇವರು ಕೈ ಮುಗಿಯೂದು ಗೂಡಿಗೆ, ನೋಡೂದು ಅದರ ಕಡೆ" ಎಂದು ಶಾಂತಾ ಕಾಕು ಹೇಳುವರು. "ನಮ್ಮ ಬಸವಣ್ಣಗ ಇನ್ನs ಗೊತ್ತಾಗಿಲ್ಲ ಈ ನಮಸ್ಕಾರ ತನಗೋ, ಆ ಡಬ್ಬಿಗೋ ಅಂತ."

ಆ ಡಬ್ಬಿಯ ಅಂಕಿ ಏನು ಎಂದು ನಾನೊಮ್ಮೆ ಕೇಳಿದ್ದೆ. ಕಾಕಾ ಖುಷಿಯಾಗಿ ಕುರ್ಚಿ ಎಳೆದುಕೊಂಡರು.

"ಶನಿವಾರ ಭಜನಿ ಮಾಡ್ತೇವಿ ಹೌದಿಲ್ಲೋ? ಶ್ರುತಿ ಎಷ್ಟ ಇರತೈತಿ?"

"ಒಂದ."

"ಹಂಗs ಇದು. ದಕ್ಷಿಣದ ನಾಲ್ಕೂ ರಾಜ್ಯದ ತಂತಿ ಒಂದಕ್ಕೊಂದು ಕೂಡ್ಯಾವ. ಎಲ್ಲಾರದೂ ಒಂದ ಶ್ರುತಿ, ಸೆಕೆಂಡಿಗೆ ಐವತ್ತು. ಯಾರರ ಹೆಚ್ಚಿಗಿ ಎಳದ್ರು ಅಂದ್ರ ಅವರದಷ್ಟ ಇಳಿಯೂದಿಲ್ಲ, ಎಲ್ಲಾರದೂ ಇಳೀತೈತಿ. ಭಾಳ ಇಳೀತಂದ್ರ ಭಜನೀನ ಬಂದ್. ನಾಲ್ಕೂ ರಾಜ್ಯ ಕತ್ತಲಿ."

ಹಿಂದೊಮ್ಮೆ ಹಾಗಾಗಿತ್ತಂತೆ. ಆಗ ಕಾಕಾ ಒಂದೂವರೆ ದಿನ ಮನೆಗೆ ಬಂದಿರಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳುತ್ತಿರಲಿಲ್ಲ. "ಒಂದು ದವಾಖಾನಿಯಿಂದ ಫೋನ್ ಬಂದಿತ್ತು. ಆಪರೇಷನ್ ನಡದಿತ್ತು, ಜನರೇಟರ್ ಹತ್ತಲಿಲ್ಲ" ಎನ್ನುವರು, ಅಲ್ಲಿಗೇ ನಿಲ್ಲಿಸುವರು. "ದೇಶದ ಕಾವಲು ಅಂದ್ರ ಗಡಿಯಾಗ ಬಂದೂಕ ಹಿಡಿಯೂದು ಅಂತೀರಿ. ಆ ಟೇಬಲ್ ಮ್ಯಾಲಿನ ದೀಪ ಆರದಂಗ ನೋಡೂದೂ ಕಾವಲುನs ತಮ್ಮಾ."

ಆ ದೀಪಕ್ಕಾಗಿಯೇ ಕಾಕಾ ಒಂದು ಕಾಗದ ಬರೆದಿಟ್ಟುಕೊಂಡಿದ್ದರು. ಒಂದೇ ಪುಟ. ಅಂಕಿ ಇಂತಿಷ್ಟಕ್ಕಿಂತ ಕೆಳಗೆ ಹೋದರೆ ನಾಲ್ಕೂ ರಾಜ್ಯದವರು ಯಾರ ಅಪ್ಪಣೆಗೂ ಕಾಯದೆ, ಏಕಕಾಲಕ್ಕೆ, ತಮ್ಮ ತಮ್ಮ ಪಾಲಿನ ಸ್ವಲ್ಪ ಭಾಗವನ್ನು ಕತ್ತರಿಸಬೇಕು. ಆಸ್ಪತ್ರೆ, ನೀರಿನ ಪಂಪು, ರೈಲನ್ನು ಮುಟ್ಟಬಾರದು. ಯಾರಲ್ಲಿ ಉಳಿದಿದೆಯೋ ಅವರು ಇಲ್ಲದವರಿಗೆ ಕೊಡಬೇಕು. ಇಷ್ಟೇ. ಇಷ್ಟಕ್ಕೆ ಒಪ್ಪಿಗೆ ಪಡೆಯಲು ಮೂರು ವರ್ಷದಿಂದ ಓಡಾಡಿದ್ದರು. ಪ್ರತಿ ಸಭೆಯಲ್ಲೂ ಎಲ್ಲರೂ ಹೌದು ಹೌದು ಎಂದು, ಕೊನೆಗೆ "ಮೊದಲು ಪಕ್ಕದವರು ಕತ್ತರಿಸಲಿ, ಆಮೇಲೆ ನಾವು" ಎಂದು ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಕಾಕಾನ ನಿವೃತ್ತಿ ಹತ್ತಿರ ಬಂದಿತ್ತು. ಇನ್ನುಳಿದದ್ದು ಒಂದೇ ಸಭೆ.

ನಾನು ನನ್ನ ಘನಕಾರ್ಯ ಮಾಡಿದ್ದು ಆ ಸಭೆಗೆ ಹತ್ತು ದಿನ ಮೊದಲು.

ಈ ಕೊಠಡಿಗಳವರ ವ್ಯವಹಾರವೆಲ್ಲ ಫೋನಿನಲ್ಲಿ, ದನಿಯ ಮೇಲೆ. ಕಾಗದಪತ್ರ ಆಮೇಲೆ. ಇಪ್ಪತ್ತು ವರ್ಷ ದಿನಾ ಮಾತಾಡಿದವರು ಒಬ್ಬರನ್ನೊಬ್ಬರು ಕಂಡದ್ದು ಎರಡೋ ಮೂರೋ ಸಲ. ತಮಿಳುನಾಡಿನ ಮುರುಗೇಶನ್ನರಿಗೆ ನೆಗಡಿಯಾದರೆ ಕಾಕಾನಿಗೆ ಮೊದಲು ಗೊತ್ತಾಗುತ್ತಿತ್ತು. ಮುರುಗೇಶನ್ ಚಿಕ್ಕವರಿದ್ದಾಗ ಬೆಂಗಳೂರಿನಲ್ಲಿ ಇದ್ದವರು. ಕನ್ನಡ ಬರುತ್ತಿತ್ತು, ತಮಿಳಿನ ಒಗ್ಗರಣೆಯ ಕನ್ನಡ. ರಜೆಯ ದಿನ ಅವರ ಫೋನು ಕಾಕಾನ ಮನೆಗೇ ಬರುವುದು. ನಾನು ಕೇಳಿ ಕೇಳಿ ಆ ದನಿಯನ್ನು ಸಾಣೆ ಹಿಡಿದಿದ್ದೆ. ಒಂದು ಭಾನುವಾರ ಮಧ್ಯಾಹ್ನ ಊಟ ಅರಗದೆ ಕೂತಿದ್ದಾಗ, ಮೇಲಿನಿಂದ ಕೆಳಕ್ಕೆ ಫೋನು ಮಾಡಿದೆ.

"ಚೆನ್ನಪ್ಪಾ ಸಾರ್, ಸೌಖ್ಯನಾ? ಇಲ್ಲಿ ಒಳ್ಳೆ ಮಳೆ ಸಾರ್. ಲೋಡೆಲ್ಲ ಬಿದ್ದು ಹೋಯ್ತು. ನಮ್ಮ ಹತ್ರ ಕರೆಂಟು ಬೇಕಾದಷ್ಟಿದೆ. ನೀವು ಕತ್ತರಿಸಿದ್ದೆಲ್ಲ ಹಾಕಿಬಿಡಿ ಸಾರ್."

"ಹೌದ್ರಿ? ಭಾಳ ಚಲೋ ಆತು ನೋಡ್ರಿ ಮುರುಗೇಶನ್. ಈಗ ಆಫೀಸಿಗೆ ಹೇಳ್ತೀನಿ."

ನಾನು ನಗು ತಡೆಯಲು ದಿಂಬು ಕಚ್ಚಿಕೊಂಡಿದ್ದೆ. ಆಗ ಕಾಕಾ, ಫೋನು ಇಡುವ ಮೊದಲು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ಅಭ್ಯಾಸಬಲದಿಂದ ಕೇಳಿದರು.

"ನಿಮ್ಮಲ್ಲಿ ಎಷ್ಟೈತಿ?"

ಶ್ರುತಿ ಐವತ್ತು ಎಂದು ಕೇಳಿದ್ದು ನೆನಪಿತ್ತು. "ಐವತ್ತರ ಮೇಲೇ ಇದೆ ಸಾರ್" ಎಂದೆ.

ಕಾಕಾನ ಗೋಡೆಯ ಮೇಲೆ ಆಗ ಇದ್ದದ್ದು ನಲವತ್ತೆಂಟು ಪಾಯಿಂಟ್ ಏಳು.

"ನಮ್ಮಲ್ಲಿ ನಲವತ್ತೆಂಟು ಇದ್ದಾಗ ನಿಮ್ಮಲ್ಲಿ ಐವತ್ತು ಆಗಾಕ ಬರೂದಿಲ್ಲೋ ಮಗನs" ಎಂದರು ಕಾಕಾ, ಬಹಳ ಮೆತ್ತಗೆ. "ಕೆಳಗ ಬಾ."

ಮೆಟ್ಟಿಲಿಳಿದು ಹೋದೆ. ಕಾಕಾ ಬಯ್ಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ನಾನು ಸಂಗ್ರಹಕ್ಕೆ ಸೇರಿಸುತ್ತಿದ್ದೆನೋ ಏನೋ. ಮೀಟರಿನ ಕೆಳಗೆ ನಿಂತೇ ಇದ್ದರು, ಮುಖ ಬಿಳಿಚಿತ್ತು.

"ಈಗ ಎಲ್ಲಾ ಲೋಡು ಹಾಕಿದ್ರ ಏನಾಗತಿತ್ತು ಗೊತ್ತೈತೇನು? ಈ ಅಂಕಿ ಇನ್ನೂ ಕುಸೀತಿತ್ತು. ಎಲ್ಲಿತನಕಾ ಅಂತ ನನಗೂ ಹೇಳಾಕ ಬರೂದಿಲ್ಲ."

"ತಪ್ಪಾತು ಕಾಕಾ."

"ತಪ್ಪು ನಿಂದಷ್ಟ ಅಲ್ಲ." ಅವರು ಕುರ್ಚಿಯಲ್ಲಿ ಕೂತರು. "ಇಪ್ಪತ್ತು ವರ್ಷ ದನೀನ ಸಹಿ ಅಂತ ನಂಬಿದ್ವಿ. ಅದನ್ನ ನೀ ಊಟಾ ಮಾಡಿ ಹಾಸಿಗಿ ಮ್ಯಾಲ ಕೂತು ಕದ್ದಿ." ಅಂಕಿಯನ್ನೇ ನೋಡುತ್ತ ಕೂತು, ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಕೇರಳ, ಕರ್ನಾಟಕ, ಉಳಿದ ಇಬ್ಬರ ದನಿ ಬರತೈತೇನು?"

ಹೀಗೆ ಹತ್ತು ದಿನದ ನಂತರ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾಲ್ಕು ರಾಜ್ಯಗಳ ಇಂಜಿನಿಯರುಗಳ ಸಭೆಗೆ ನಾನು ಹೋದೆ. ನಡುವಿನ ದಿನಗಳಲ್ಲಿ ಕಾಕಾ ಫೋನಿನಲ್ಲಿ ಮಾತಾಡುವಾಗಲೆಲ್ಲ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ತಾಲೀಮು ಮಾಡಿಸಿದ್ದರು. ಸಭೆಯ ದಿನ ನನ್ನನ್ನು ಪಕ್ಕದ ಕೋಣೆಯಲ್ಲಿ ಒಂದು ಫೋನಿನ ಮುಂದೆ ಕೂರಿಸಿದರು. ಅತಿಥಿಗಳು ಒಬ್ಬೊಬ್ಬರಾಗಿ ಬಂದು ಬೇರೆ ಬೇರೆ ಕೋಣೆಗಳಲ್ಲಿ ಚಹಾ ಕುಡಿಯುತ್ತಿದ್ದರು, ಇನ್ನೂ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ನಾನು ಮುರುಗೇಶನ್ನರಾಗಿ ಕೇರಳದವರಿಗೆ, ಕೇರಳದವರಾಗಿ ಕರ್ನಾಟಕದವರಿಗೆ, ಕರ್ನಾಟಕದವರಾಗಿ ಮುರುಗೇಶನ್ನರಿಗೆ ಫೋನು ಮಾಡಿ, "ದಾರಿಯಲ್ಲಿ ಸಿಕ್ಕಿಕೊಂಡಿದ್ದೇನೆ, ನಮ್ಮ ಕೊಠಡಿಯವರು ಲೋಡು ಹಾಕುತ್ತಿದ್ದಾರೆ, ನಿಮ್ಮವರಿಗೂ ಹಾಕಲು ಹೇಳಿ" ಎಂದೆ. ಮೂವರೂ "ಆಗಲಿ" ಎಂದರು. ಆ ಕೋಣೆಗಳ ಫೋನುಗಳು ಕಟ್ಟಡದ ಹೊರಗೆ ಹೋಗದಂತೆ ಕಾಕಾ ಮೊದಲೇ ಜೋಡಿಸಿಟ್ಟಿದ್ದರಿಂದ ಅವರ ಅಪ್ಪಣೆ ಅವರ ಕೊಠಡಿ ಮುಟ್ಟಲಿಲ್ಲ, ಯಾವ ಊರಿನ ದೀಪಕ್ಕೂ ಏನೂ ಆಗಲಿಲ್ಲ.

ಆಮೇಲೆ ಕಾಕಾ ನನ್ನನ್ನು ಸಭೆಯೊಳಗೆ ಕರೆದು ನಿಲ್ಲಿಸಿ, ಮೂರೂ ದನಿ ಆಡಿಸಿದರು. ಮುರುಗೇಶನ್ ಕೆಂಪಗಾದರು.

"ಇದು ಅವಮಾನ ಸಾರ್. ನಾನು ಹೀಗಾ ಮಾತಾಡೋದು?"

"ಹೀಗೇ" ಎಂದರು ಕೇರಳದವರು.

"ಸಿಟ್ಟಾಗಬ್ಯಾಡ್ರಿ" ಎಂದರು ಕಾಕಾ. "ಈ ನಕಲಿ ಮೊದಲ ನನಗs ಟೋಪಿ ಹಾಕಿದ್ದ. ದನಿ ಕದೀಬಹುದು. ಆದ್ರ ಇದನ್ನ ಕದಿಯಾಕ ಬರೂದಿಲ್ಲ." ಗೋಡೆಯ ಮೇಲಿನ ಮೀಟರು ತೋರಿಸಿದರು. "ಈಗಿಂದೀಗ ನಿಮ್ಮ ನಿಮ್ಮ ಕೊಠಡಿಗೆ ಫೋನ್ ಹಚ್ಚಿ ಕೇಳ್ರಿ, ಎಷ್ಟೈತಿ ಅಂತ."

ಮೂವರೂ ಕೇಳಿದರು. ಮೂರು ರಾಜ್ಯಗಳಿಂದ ಒಂದೇ ಅಂಕಿ ಬಂತು, ನಮ್ಮ ಗೋಡೆಯ ಮೇಲಿದ್ದದ್ದೇ. ಅದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಜೀವಮಾನವೆಲ್ಲ ಅದರ ಕೆಳಗೇ ಕೂತವರು. ಆದರೆ ಹಾಗೆ ಒಟ್ಟಿಗೆ ಕೂತು ಕೇಳಿಸಿಕೊಂಡಿರಲಿಲ್ಲ.

"ಕಳ್ಳನೂ ಒಂದು ಮೀಟರು ಇಟ್ಕೊಂಡ್ರೆ?" ಎಂದರು ಮುರುಗೇಶನ್. ಸೋಲೊಪ್ಪುವ ಆಸಾಮಿಯಲ್ಲ.

"ಇಟಗೊಳ್ಳಲಿ. ಅದಕ್ಕs ಬಂದ ಫೋನ್ ನಂಬಬ್ಯಾಡ್ರಿ, ನೀವs ತಿರುಗಿ ಫೋನ್ ಮಾಡ್ರಿ. ಆದ್ರ ಮುಖ್ಯ ಮಾತು ಅದಲ್ಲ. ಮೂರು ವರ್ಷದಿಂದ ನಾವು ಜಗಳಾಡೂದು ಏನು? ಪಕ್ಕದವ ಕತ್ತರಿಸ್ಯಾನೋ ಇಲ್ಲೋ ಅಂತ. ಅವನ ಮಾತು ಯಾಕ ನಂಬತೀರಿ? ಗ್ವಾಡಿ ನೋಡ್ರಿ. ಇಳೀತೋ, ನಿಮ್ಮ ಪಾಲು ಕತ್ತರಸ್ರಿ. ಎಲ್ಲಾರೂ ಕತ್ತರಿಸಿದ್ರ ಏರತೈತಿ. ಯಾರರ ಕಳ್ಳಾಟ ಆಡಿದ್ರ ಏರೂದಿಲ್ಲ, ಅದೂ ಗ್ವಾಡಿ ಮ್ಯಾಲನ ಕಾಣತೈತಿ. ಮ್ಯಾಲಿನವರು ನದಿ ನೀರಿಗೆ ಜಗಳಾಡಲಿ, ಹೊಸಾ ಸ್ಥಾವರ ಯಾರಿಗೆ ಅಂತ ಜಗಳಾಡಲಿ. ಕರೆಂಟು ಹೆಚ್ಚಿಗಿ ಹುಟ್ಟಸೂದು ಒಂದು ನೀತಿ, ಇದ್ದದ್ದನ್ನ ಕೂಡಿ ತಡಕೊಳ್ಳೂದೂ ಒಂದು ನೀತಿ. ಎರಡನೇದ್ದು ನಮ್ಮ ಕೈಯಾಗ ಐತಿ."

ಮೊದಲು ಪೆನ್ನು ತೆಗೆದವರು ಮುರುಗೇಶನ್. ಸಹಿ ಹಾಕಿ, ನನ್ನ ಕಡೆ ನೋಡಿ, "ಇದನ್ನೂ ನಕಲು ಮಾಡ್ತೀಯಾ ತಂಬಿ?" ಎಂದರು.

ಯಾರ ಪಾಲಿನಲ್ಲಿ ಯಾವುದನ್ನು ಮೊದಲು ಕತ್ತರಿಸಬೇಕೆಂದು ಪಟ್ಟಿ ಮಾಡುವಾಗ, ನಮ್ಮ ಕಡೆಯ ಪಟ್ಟಿಯಲ್ಲಿ ಮೊದಲು ಬಂದ ಮನೆಗಳ ಸಾಲು ನಮ್ಮ ಕಾಲೊನಿ. ಕಾಕಾ ಸ್ವತಃ ಬರೆದದ್ದು. ಐ.ಟಿ.ಯ ಗಾಜಿನ ಕಟ್ಟಡಗಳೂ ಮೇಲೆಯೇ ಇದ್ದವು, ಪಕ್ಕದ ಕೈಗಾರಿಕಾ ವಸಾಹತಿನ ಲೇಥುಗಳು ಕೆಳಗಿನ ಸಾಲಿನಲ್ಲಿದ್ದವು. "ಗಾಜಿನ ಕಟ್ಟಡದವರಿಗೆ ಜನರೇಟರ್ ಐತಿ. ಲೇಥ್ ನಿಂತ್ರ ಆ ಮನುಷ್ಯಾನ ದಿನಾನs ನಿಂತಂಗ" ಎಂದರು. ಕಾಲೊನಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಮಾಡಲಿಲ್ಲ.

ಆ ಬೇಸಿಗೆಯಲ್ಲೇ ಪರೀಕ್ಷೆ ಬಂತು. ಸಂಜೆ ಆರೂವರೆ ಇರಬೇಕು, ಶಾಂತಾ ಕಾಕು ದೋಸೆಗೆ ರುಬ್ಬುತ್ತಿದ್ದರು. ಕಾಕಾ ರಜೆಯಲ್ಲಿದ್ದರು. ಟ್ಯೂಬ್‌ಲೈಟಿನ ದನಿ ಬದಲಾದದ್ದು ಆ ದಿನ ನನಗೂ ಕೇಳಿಸಿತು. ಕಾಕಾ ಎದ್ದು ನಿಂತರು. ನಲವತ್ತೆಂಟು ಪಾಯಿಂಟ್ ಐದು, ನಾಲ್ಕು, ಮೂರು. ಕರೆಂಟು ಹೋಯಿತು, ಮೀಟರೂ ಕಣ್ಣು ಮುಚ್ಚಿತು. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ತೆಲುಗು, ಹಿಂದಿ, ಕನ್ನಡದಲ್ಲಿ ಬೈಗುಳ ಶುರುವಾದವು. ಬೈಗುಳಕ್ಕೂ ನಮ್ಮಲ್ಲಿ ಪ್ರಾದೇಶಿಕ ಸಹಕಾರ ಚೆನ್ನಾಗಿತ್ತು. ಕಾಕಾ ಕಿಟಕಿಗೆ ಹೋಗಿ ನಿಂತರು. ದೂರದಲ್ಲಿ ಆಸ್ಪತ್ರೆಯ ಕೆಂಪು ದೀಪದ ಹಲಗೆ ಉರಿಯುತ್ತಿತ್ತು. ಅದನ್ನೇ ನೋಡುತ್ತ ನಿಂತರು.

ಅರ್ಧ ಗಂಟೆಯೊಳಗೆ ಕರೆಂಟು ಬಂತು. ಮೀಟರು ಕಣ್ಣು ತೆರೆದಾಗ ನಲವತ್ತೊಂಬತ್ತರ ಮೇಲಿತ್ತು. ಫೋನು ಬಡಿದುಕೊಂಡಿತು.

"ಚೆನ್ನಪ್ಪಾ ಸಾರ್, ನಿಮ್ಮಲ್ಲಿ ಎಷ್ಟೈತಿ?" ಅಸಲಿ ಮುರುಗೇಶನ್. ಈ ಸಲ ಅವರು ಕಾಕಾನ ನಕಲು ಮಾಡುತ್ತಿದ್ದರು, ನನಗಿಂತ ಕೆಟ್ಟದಾಗಿ.

ಕಾಕಾ ಅಂಕಿ ಹೇಳಿದರು, ಫೋನು ಇಟ್ಟರು, ಟವೆಲಿನಿಂದ ಮುಖ ಒರೆಸಿಕೊಂಡರು. "ನನ್ನ ಹಿಟ್ಟು ಅರ್ಧಕ್ಕ ನಿಂತಿತ್ತಲ್ಲ, ಅದನ್ನೂ ನಿಮ್ಮ ನಾಲ್ಕು ರಾಜ್ಯ ಕೂಡಿ ತೀರ್ಮಾನ ಮಾಡಿದ್ರೇನು?" ಎಂದು ಕಾಕು ಒಳಗಿನಿಂದ ಕೇಳಿದರು.

ನಿವೃತ್ತಿಯ ಮೇಲೆ ಅವರು ಹುಬ್ಬಳ್ಳಿಗೆ, ಮಗಳ ಮನೆಯ ಓಣಿಗೆ ಹೊರಟರು. ಅಲ್ಲಿಯ ಪಾಲಿಟೆಕ್ನಿಕ್ಕಿನ ಹುಡುಗರಿಗೆ ವಾರಕ್ಕೆರಡು ದಿನ ಪಾಠ ಹೇಳುವುದೆಂದು ಆಗಲೇ ಗೊತ್ತುಮಾಡಿಕೊಂಡಿದ್ದರು. ಮೂರೂ ರಾಜ್ಯದವರು ಸೇರಿ ಅವರಿಗೊಂದು ಹೊಸ ಮೀಟರು ಉಡುಗೊರೆ ಕೊಟ್ಟಿದ್ದರಿಂದ ಹಳೆಯದು ನನ್ನ ಪಾಲಿಗೆ ಬಂತು. ಕಾಚಿಗೂಡದ ಪ್ಲಾಟ್‌ಫಾರ್ಮಿನಲ್ಲಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಅದನ್ನು ನನ್ನ ಕೈಗಿಟ್ಟು, "ಎಲ್ಲಾರ ದನಿ ತಗದಿ. ನಂದು ಒಮ್ಮೆನೂ ಕೇಳಸಲಿಲ್ಲ" ಎಂದರು.

ಅವರ ಬೆನ್ನ ಹಿಂದೆ ನೂರು ಸಲ ಮಾಡಿದ್ದೆ. ಕತ್ತು ವಾಲಿಸಿದೆ, ಎಡಗಿವಿ ಮೇಲೆ ಮಾಡಿದೆ, "ನಿಮ್ಮಲ್ಲಿ ಎಷ್ಟೈತಿ?" ಎಂದೆ. ಕಾಕು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಕಾ ನಗಲಿಲ್ಲ. "ಶ್ರುತಿ ಸ್ವಲ್ಪ ಕಡಿಮಿ ಐತಿ" ಎಂದು ಬೋಗಿ ಹತ್ತಿದರು. ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ.

ಆಮೇಲೆ ಏಳು ವರ್ಷ ಪ್ರತಿ ಭಾನುವಾರ ಫೋನು. ನಾನು ಲಿಂಗಂಪಲ್ಲಿಗೆ ಮನೆ ಬದಲಾಯಿಸಿದೆ, ಮದುವೆಯಾದೆ. ಅವರು ಯಾವುದನ್ನೂ ಮೊದಲು ಕೇಳಲಿಲ್ಲ. ಮೊದಲು ಅಂಕಿ. ನಾನು ಇಲ್ಲಿಯದು ಹೇಳುವೆ, ಅವರು ಅಲ್ಲಿಯದು ಹೇಳುವರು. ಎರಡೂ ಒಂದೇ ಎಂದು ಇಬ್ಬರಿಗೂ ಗೊತ್ತು. ಆದರೂ ಹೇಳಿಕೊಂಡ ಮೇಲೆಯೇ "ಅವ್ವ ಆರಾಮ ಅದಾಳೇನು?"

ಹೋದ ಮಾಘದಲ್ಲಿ ಕಾಕಾ ತೀರಿಕೊಂಡರು, ಹಗುರಾಗಿ, ಪಾಠ ಹೇಳಿ ಬಂದು ಕೂತಲ್ಲೇ. ಮೂರು ಭಾನುವಾರ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ, ಯಾವ ದನಿಯಲ್ಲಿ ಮಾಡುವುದೆಂದು ತಿಳಿಯದೆ. ನಾಲ್ಕನೆಯ ಭಾನುವಾರ ಮಧ್ಯಾಹ್ನ ಫೋನು ಬಂತು. ಶಾಂತಾ ಕಾಕು.

"ತಮ್ಮಾ" ಎಂದರು. "ನಿಮ್ಮಲ್ಲಿ ಎಷ್ಟೈತಿ?"

ಎದ್ದು ಹೋಗಿ ನೋಡಿದೆ. "ನಲವತ್ತೊಂಬತ್ತು ಪಾಯಿಂಟ್ ಒಂಬತ್ತು ಆರು, ಕಾಕು."

ಅವರು ಕುರ್ಚಿ ಎಳೆದ ಸಪ್ಪಳ, ಕನ್ನಡಕ ಹುಡುಕಿದ ಸಪ್ಪಳ ಕೇಳಿಸಿತು.

"ಹೌದ" ಎಂದರು. "ಇಲ್ಲೂ ಅಷ್ಟs ಐತಿ."