ಹಲಗೆಯವನ ಪಾತ್ರ

“ನಿಮ್ಮ ಮನಿತನದಾಗ ಪಾದ್ರಿ ಹುಟ್ಟೂದಿಲ್ಲ ತಮ್ಮಾ. ಹಲಗಿ ಬಾರಿಸಿದ ಕೈಲೆ ಆರಾಧನಿದಾಗ ರೊಟ್ಟಿ ಮುರದು ಕೊಟ್ರ ಯಾರು ತಿಂತಾರ?”

ಹೀಗೆಂದವರು ನಮ್ಮ ಕ್ರೈಸ್ತ ಸಭೆಯ ಮುಖ್ಯ ಹಿರಿಯರು. ಸಿಟ್ಟಿನಿಂದ ಅಂದದ್ದಲ್ಲ. ಕಟ್ಟೆಯ ಮೇಲೆ ಕೂತು, ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ, ಈ ಸಲ ಕಡಲೆಗೆ ಹುಳ ಬಿದ್ದಿದೆ ಎನ್ನುವ ಧಾಟಿಯಲ್ಲಿ ಅಂದರು. ನಾನು ಕಟ್ಟೆಯ ಕೆಳಗೆ ನಿಂತಿದ್ದೆ. ಅಣ್ಣಿಗೇರಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದ್ದೆ, ನಮ್ಮ ಮನೆಯಲ್ಲಿ ಪದವಿ ಕಂಡ ಮೊದಲನೆಯವನು ನಾನು. ಪಾದ್ರಿ ಓದಿಗೆ ಸೇರಬೇಕಾದರೆ ಊರಿನ ಸಭೆಯ ಶಿಫಾರಸು ಬೇಕು. ಅದಕ್ಕೆ ಸಹಿ ಹಾಕುವವರು ಅವರೇ.

ನಮ್ಮದು ಶಲವಡಿ ಕಡೆಯ ಎರೆಭೂಮಿಯ ಹಳ್ಳಿ. ಇಲ್ಲಿ ಸಭೆ ಕಟ್ಟಿದ ಮೊದಲ ಪಾದ್ರಿಗಳನ್ನು ನೆನೆಯದೆ ನಮ್ಮಲ್ಲಿ ಯಾವ ಪ್ರಾರ್ಥನೆಯೂ ಮುಗಿಯುವುದಿಲ್ಲ. ಅವರು ಉಳ್ಳವರ ಮನೆಯ ಮಗ. ದೀಕ್ಷಾಸ್ನಾನ ತೆಗೆದುಕೊಂಡ ದಿನ ಹೆತ್ತ ತಾಯಿಯೇ, ಮಗ ಬದುಕಿರುವಾಗಲೇ, ಸತ್ತವರಿಗೆ ಮಾಡುವುದನ್ನೆಲ್ಲ ಮಾಡಿ ಮುಗಿಸಿದಳಂತೆ. ನವಲಗುಂದದ ಸಂತೆಯಲ್ಲಿ ಸುವಾರ್ತೆ ಹೇಳುವಾಗ ಬಾಯಿಗೆ ಸೆಗಣಿ ತುರುಕಿದರಂತೆ. ಉಗುಳಿ, ಬಾಯಿ ಮುಕ್ಕಳಿಸಿ, ನಿಂತ ಮಾತಿನಿಂದಲೇ ಮತ್ತೆ ಶುರು ಮಾಡಿದರಂತೆ. ಮಳೆಗಾಲದ ಕೆಸರಿನಲ್ಲಿ ಕೆರವು ಕೈಯಲ್ಲಿ ಹಿಡಿದು ಊರೂರು ನಡೆದ ಮನುಷ್ಯ. ಬೇರೆ ಯಾರೂ ಕಾಲಿಡದ ನಮ್ಮ ಕೇರಿಗೆ ಬಂದು, ನಮ್ಮ ಮುತ್ತಜ್ಜನ ಬೆರಳು ಹಿಡಿದು ಬೂದಿಯಲ್ಲಿ ಅಕ್ಷರ ತೀಡಿಸಿದವರು ಅವರು. ನನ್ನ ಬಿ.ಎ. ಆ ಬೂದಿಯಿಂದಲೇ ಶುರುವಾದದ್ದು. ಅದನ್ನು ನಾನು ಅಲ್ಲಗಳೆಯುವವನಲ್ಲ.

ಮುತ್ತಜ್ಜ ಹಲಗೆ ಬಾರಿಸುತ್ತಿದ್ದವರು. ಕ್ರಿಸ್ತನನ್ನು ನಂಬಿದ ಮೇಲೆ ಹೆಣದ ಮುಂದೆ ವಾದ್ಯ ನುಡಿಸಕೂಡದು ಎಂದು ಪಾದ್ರಿಗಳು ಆಣೆ ಮಾಡಿಸಿದ್ದರು. ಒಮ್ಮೆ ಮನೆಯಲ್ಲಿ ಕೂಸು ಕಾಯಿಲೆ ಬಿತ್ತು. ಗೌಡರ ಮನೆಯ ಸಾವಿಗೆ ಬಾರಿಸಿದರೆ ಜೋಳ ಸಿಗುತ್ತಿತ್ತು. ಬಾರಿಸಿದರು. ಮರುದಿನ ಪಾದ್ರಿಗಳು ಉರಿಬಿಸಿಲಲ್ಲಿ ನಡೆದು ಬಂದು, ಹೆಂಡತಿ ಮಕ್ಕಳೆದುರು ಮುತ್ತಜ್ಜನನ್ನು ಬೆತ್ತದಿಂದ ಬಡಿದು, ಹಲಗೆಯನ್ನು ಬಾವಿಗೆ ಎಸೆದರು. ಮುತ್ತಜ್ಜ ಕಾಲಿಗೆ ಬಿದ್ದು ತಪ್ಪಾಯಿತು ಎಂದರು.

ಇದೇ ನಮ್ಮ ಸಭೆಯ ನಾಟಕ. ಪ್ರತಿ ವರ್ಷ ಸುಗ್ಗಿಯ ಆರಾಧನೆ ಮುಗಿದು ಊಟವಾದ ಮೇಲೆ ಗುಡಿಯ, ಅಂದರೆ ನಮ್ಮ ಚರ್ಚಿನ, ಅಂಗಳದಲ್ಲಿ ಆಡುತ್ತಾರೆ. ಪಾದ್ರಿಯ ಪಾತ್ರ ಹಿರಿಯರ ಮನೆಯವರದು, ಹಲಗೆಯವನದು ನಮ್ಮ ಮನೆಯವರದು. ಅಜ್ಜ ಮಾಡಿದರು, ಅಪ್ಪ ಮಾಡಿದರು. ಬೆತ್ತ ನಿಜವಾದದ್ದು. ಒಂದು ವರ್ಷ ಹಿರಿಯರು ಆವೇಶದಲ್ಲಿ ಕೆನ್ನೆಗೂ ಬಾರಿಸಿದ್ದಕ್ಕೆ ಅಪ್ಪನ ಎಡಗಿವಿ ಹೋಯಿತು.

“ಇರಲಿ ಬಿಡು, ಪಾದ್ರಿ ಪ್ರಸಂಗ ಕೇಳಾಕ ಒಂದು ಕಿವಿ ಸಾಕು” ಎಂದು ಅಪ್ಪ ನಕ್ಕಿದ್ದರು.

ನಾಟಕ ನೋಡುವಾಗ ಉಳ್ಳವರ ಮನೆಗಳಿಂದ ಬಂದ ಕ್ರೈಸ್ತರು ಬೆಂಚಿನ ಮೇಲೆ, ನಾವು ಹಿಂದೆ ಚಾಪೆಯ ಮೇಲೆ. ಹಲಗೆ ಬಾವಿಗೆ ಬಿತ್ತು ಎನ್ನುವಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಯಿ, ಅಂದರೆ ಅಪ್ಪನ ತಾಯಿ, ಒಬ್ಬಳು ಮಾತ್ರ ತಟ್ಟುತ್ತಿರಲಿಲ್ಲ.

“ಯಾರ ಬಾವಿ, ಕೇಳಲೇ. ನಮ್ಮ ಕೇರಿದು. ಇದ್ದದ್ದ ಅದೊಂದು. ಚರ್ಮ ಕೊಳತು ನೀರು ನಾರಾಕ ಹತ್ತಿತು. ಗೌಡರ ಬಾವಿಗೆ ಕೊಡ ಹಿಡಕೊಂಡು ಹೋದ್ರ, ನಿಮ್ಮ ಏಸುನ್ನ ಕೇಳ್ರಿ ನೀರು, ಅಂದ್ರಂತ. ಕೂಸು ಉಳೀಲಿಲ್ಲ.”

ಈ ಮಾತು ನಾಟಕದಲ್ಲಿಲ್ಲ.

ಅಂದು ಕಟ್ಟೆಯ ಮೇಲೆ ಹಿರಿಯರು ಬಸಿ ಕೆಳಗಿಟ್ಟು ಅಂದರು: “ಈ ವರ್ಸ ಹಲಗಿಯವನ ಪಾತ್ರ ನೀ ಮಾಡು. ನಿಮ್ಮಪ್ಪಗ ವಯಸ್ಸಾತು. ತಗ್ಗಿ ನಡಿಯಾಕ ಬರ್ತೈತೋ ಇಲ್ಲೋ ನೋಡೂಣು. ತಗ್ಗಲಾರದಂವ ಪಾದ್ರಿ ಹ್ಯಾಂಗ ಆಗ್ತಾನ?”

“ಮಾಡಿದ್ರ ಸಹಿ ಹಾಕ್ತೀರೇನ್ರಿ?”

“ಮಾಡು. ಆಮ್ಯಾಲೆ ಮಾತು.”

ಹಲಗೆ ತರಲು, ಮುತ್ತಜ್ಜನ ಅಣ್ಣನ ಕವಲಿನ ಕಾಕಾನ ಮನೆಗೆ ಹೋದೆ. ಅವರ ಕಡೆಯವರು ಸಭೆಗೆ ಬಂದವರಲ್ಲ, ಈಗ ಬೌದ್ಧರು. ಕಾಕಾ ಅಟ್ಟದಿಂದ ಹಲಗೆ ಇಳಿಸಿ, ಧೂಳು ಕೊಡವಿ, ನನ್ನ ಮುಖ ನೋಡಿದ. “ನಾವು ಬಾರಿಸೂದು ಬಿಟ್ಟು ಭಾಳ ದಿನಾ ಆತು. ಯಾರೂ ಹೊಡದು ಬಿಡಿಸಲಿಲ್ಲ, ನಾವ ಬಿಟ್ವಿ. ನೀವು ನೋಡ್ರಿ, ಬಿಟ್ಟೇವಿ ಅಂತ ತೋರ್ಸಾಕ ವರ್ಸಾ ಬಾರಸ್ತೀರಿ.”

ಹಲಗೆ ಹೆಗಲಿಗೆ ಹಾಕಿಕೊಂಡು ಬಂದೆ.

ನಾಟಕದ ದಿನ ಹಿರಿಯರು ಬಿಳಿ ನಿಲುವಂಗಿ ತೊಟ್ಟು ಬಂದರು. ಮೊದಲ ಏಟು ಬೆನ್ನಿಗೆ, ಎರಡನೆಯದು ಮೊಣಕೈಗೆ. ಈಗ ನಾನು ಬಿದ್ದು “ತಪ್ಪಾತ್ರಿ” ಅನ್ನಬೇಕು. ಬಿದ್ದೆ. ಮಾತು ಬರಲಿಲ್ಲ. ಮಾತು ಬಾರದೆ ನಾಟಕ ಮುಂದೆ ಹೋಗುವಂತಿಲ್ಲ. ಹಿರಿಯರು ಮತ್ತೆ ಹೊಡೆದರು. ಬೆಂಚಿನಿಂದ ಯಾರೋ ಕೂಗಿದರು, “ಬಿ.ಎ. ಮಾಡ್ಯಾನ, ಒಂದು ಮಾತು ನೆನಪಿಲ್ಲ!” ಎಲ್ಲರೂ ನಕ್ಕರು. ಮತ್ತೊಂದು ಏಟು ಬಿತ್ತು. ಆಗ ಚಾಪೆಯ ಮೇಲಿಂದ ಅಪ್ಪನ ದನಿ ಬಂತು: “ಅನ್ನಲೇ! ಅಂದು ಮುಗಸು! ನಿನ್ನ ಓದು ಐತಿ!”

“ತಪ್ಪಾತ್ರಿ” ಅಂದೆ.

ಹಲಗೆ ಬಿತ್ತು, ಚಪ್ಪಾಳೆ ಆಯಿತು. ಮುಂದಿನ ಭಾನುವಾರ ಹಿರಿಯರು ಸಹಿ ಹಾಕಿದರು. ಒಳ್ಳೆಯ ಪೆನ್ನಿನಿಂದಲೇ ಹಾಕಿದರು.

ಘಟ್ಟದ ಕೆಳಗಿನ ಕಾಲೇಜಿನಲ್ಲಿ ಓದಿದೆ. ಕುಚಲಕ್ಕಿ ಗಂಜಿ ಉಂಡೆ, ಗ್ರೀಕ್ ಕಲಿತೆ, ನನ್ನ ಮಾತಿನ ಧಾಟಿಗೆ ನಕ್ಕವರಿಗಿಂತ ಹೆಚ್ಚು ಅಂಕ ತೆಗೆದೆ. ಯಾರ ದಯೆಯಿಂದಲೂ ಪಾಸಾದವನಲ್ಲ ನಾನು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು.

ಪದವಿ ಹಿಡಿದು ಊರಿಗೆ ಬಂದಾಗ ಸಭೆಯಲ್ಲಿ ಸನ್ಮಾನ ಇಟ್ಟರು. ಹಿರಿಯರೇ ಶಾಲು ಹೊದಿಸಿದರು. ಮೊದಲು ಅಂದ ಮಾತು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಮೈಕಿನಲ್ಲಿ, “ಇಂಥಾ ಹುಡುಗ ನಮ್ಮ ಸಭೆದಾಗ ಹುಟ್ಯಾನಂದ್ರ ಅದು ಮೊದಲಿನ ಪಾದ್ರಿಗಳ ಬೆತ್ತದ ಪುಣ್ಯ ನೋಡ್ರಿ. ನನಗೂ ಕೈ ಸೋತಾವ. ಈ ಸಲ ನಾಟಕದಾಗ ಪಾದ್ರಿ ಪಾತ್ರ ನಮ್ಮ ಹೊಸಾ ಪಾದ್ರಿಗಳ ಮಾಡ್ಲಿ” ಎಂದರು.

“ಹಲಗಿ ಯಾರು ಹಿಡೀತಾರ್ರಿ?” ಎಂದು ಬೆಂಚಿನಿಂದ ಯಾರೋ ಕೇಳಿದರು.

“ಅವರಪ್ಪ ಇನ್ನೂ ಗಟ್ಟಿ ಅದಾನಲ್ಲ!”

ಜನ ನಕ್ಕು ಚಪ್ಪಾಳೆ ತಟ್ಟಿದರು. ಮನಸ್ಸಿನಲ್ಲಿ ಕೆಡುಕು ಇಟ್ಟುಕೊಂಡ ನಗೆಯಲ್ಲ ಅದು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

ನಾನು ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಬೆಂಚುಗಳನ್ನು ದಾಟಿ, ಹಿಂದೆ ಚಾಪೆಯ ಹತ್ತಿರ ಹೋದೆ. ಪ್ರಮಾಣಪತ್ರವನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಎರಡೂ ಕೈ ಧೋತರಕ್ಕೆ ಒರೆಸಿಕೊಂಡು ಇಸಿದುಕೊಂಡರು, ಮೊಹರಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಅಂದರು:

“ಅಲ್ಲೆ ಕಾಲೇಜಿನ್ಯಾಗ ಹೊಡಿಯೂದನ್ನೂ ಕಲಿಸ್ಯಾರೇನು?”