ಎಳೆದರೆ ಬಿಚ್ಚುವ ಹೊಲಿಗೆ

ಬೆಳಗಿನ ಆರು ಗಂಟೆ. ನೀಲಗಿರಿಯ ಕೂಕಲ್ತೊರೈಯ ಇಳಿಜಾರಿನಲ್ಲಿ ಮಂಜು ಇನ್ನೂ ಕದಲಿಲ್ಲ, ಪಾಪಾತಿ ಆಗಲೇ ಒಂದು ಬಲೆ ಮುಗಿಸಿದ್ದಾರೆ. ಎಲೆಕೋಸಿನ ಸಸಿಮಡಿಗಳ ಮೇಲೆ ಕಟ್ಟಿದ ಬಲೆಯನ್ನು ದಬ್ಬಳದಿಂದ ಹೊಲಿಯುವುದು ಅವರ ಕೆಲಸ. ಹಲ್ಲಿನ ನಡುವೆ ದಾರ ಕಚ್ಚಿಕೊಂಡಿದ್ದರೂ ಮಾತಿಗೇನೂ ಅಡ್ಡಿಯಿಲ್ಲ.

ಐಪ್ಪಸಿ ತಿಂಗಳು, ಅಂದರೆ ದೀಪಾವಳಿಯ ಆಸುಪಾಸು, ಇಲ್ಲಿ ಮಧ್ಯಾಹ್ನದ ಗುಡುಗಿನ ಜೊತೆ ಆಲಿಕಲ್ಲೂ ಬರುತ್ತದೆ. ಅದಕ್ಕೇ ಬಲೆ. ಆದರೆ ಬಿಗಿಯಾಗಿ ಹೊಲಿದರೆ ಆಲಿಕಲ್ಲು ಮೇಲೆ ರಾಶಿಬಿದ್ದು, ಕಾಯಬೇಕಾದ ಬಲೆಯೇ ಸಸಿಗಳ ಮೇಲೆ ಕುಸಿಯುತ್ತದೆ. ಪಾಪಾತಿ ಬಲೆಯ ಎರಡು ಪಟ್ಟಿಗಳನ್ನು ಮಡಿಗಳ ನಡುವಿನ ಕಾಲುದಾರಿಯ ನೇರಕ್ಕೆ ಸೇರಿಸಿ ಹೊಲಿದು, ದಾರದ ತುದಿಯನ್ನು ಕೈಗೆ ಸಿಗುವಂತೆ ಇಳಿಬಿಡುತ್ತಾರೆ. ಎಳೆದರೆ ಹೊಲಿಗೆ ಸರಕ್ಕನೆ ಬಿಚ್ಚಿ, ಆಲಿಕಲ್ಲೆಲ್ಲ ದಾರಿಗೆ ಸುರಿಯುತ್ತದೆ.

ಈ ವಿದ್ಯೆ ಬಂದದ್ದು ಟೀ ಫ್ಯಾಕ್ಟರಿಯಿಂದ. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ, ದಿನಕ್ಕೆ ನೂರೈವತ್ತು ಚೀಲದ ಬಾಯಿ ಹೊಲಿದವರು. ಯಂತ್ರ ಬಂತು, ಕೆಲಸ ಹೋಯಿತು. "ಚೀಲ ಎತ್ತುವಾಗ ಬಿಚ್ಚಬಾರ್ದು, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚೋಣು. ಬಲೆಗೂ ಅದೇ" ಎನ್ನುತ್ತಾರೆ. ಐವತ್ತೆಂಟರ ವಯಸ್ಸಿನಲ್ಲಿ ಈಗ ದಿನಕ್ಕೆ ನಲವತ್ತು ಮಾರು ಹೊಲಿಯುತ್ತಾರೆ.

ನರ್ಸರಿಯ ಯಜಮಾನ ಗಿರಿಧರನ್‌ಗೆ ಈ ಹೊಲಿಗೆಯ ಮೇಲೆ ನಂಬಿಕೆ ಇರಲಿಲ್ಲ. "ಹೊಲಿಗೆ ಅಂದ್ರೆ ಬಿಚ್ಚದೆ ಇರೋಣು ಅಕ್ಕಾ" ಎಂದು ಆರು ಬಲೆಗಳಲ್ಲಿ ಒಂದಕ್ಕೆ ಹೊಲಿಗೆಯ ಮೇಲೆ ತಂತಿ ಬಿಗಿದರು.

ಕಳೆದ ಮಂಗಳವಾರ ಬಿರುಗಾಳಿ ಎದ್ದಿತು. ಹಿಂದೆಯೇ ನೆಲ್ಲಿಕಾಯಿ ಗಾತ್ರದ ಆಲಿಕಲ್ಲು. ಹಟ್ಟಿಯ ಎಪ್ಪತ್ತು ಮನೆಗಳು ಈ ವಾರ ನೆಡಬೇಕಿದ್ದ ಸಸಿಗಳೆಲ್ಲ ಆ ಬಲೆಗಳ ಕೆಳಗೇ ಇದ್ದವು. ಹಾಳಾದರೆ ಮತ್ತೆ ಬಿತ್ತಿ ತಿಂಗಳು ಕಾಯಬೇಕು, ಅಷ್ಟರಲ್ಲಿ ಸಸಿ ಸುಡುವ ಹಿಮ ಬೀಳಲು ಶುರುವಾಗುತ್ತದೆ. ಪಾಪಾತಿ ಅನ್ನದ ಪಾತ್ರೆಯನ್ನು ತಲೆಗೆ ಕವುಚಿಕೊಂಡು ಓಡಿದರು. ಐದು ದಾರ ಎಳೆದರು, ಐದು ಬಲೆ ಹಗುರಾದವು. ಆರನೆಯದರ ತಂತಿ ಬಿಚ್ಚುವಷ್ಟರಲ್ಲಿ ಬಲೆ ಕಂಬಸಮೇತ ಮಲಗಿಬಿಟ್ಟಿತು.

"ಪಾತ್ರೆ ಮೇಲೆ ಬೀಳೋ ಸದ್ದಿಗೆ ಎನಗ ಗುಡುಗೇ ಕೇಳ್ಲಿಲ್ಲೆ" ಎಂದು ಅವರು ನಗುವುದನ್ನು ನೋಡಿ, ಕತೆ ಕೇಳಲು ಹೋಗಿದ್ದ ನನಗೂ ನಗು ತಡೆಯಲಾಗಲಿಲ್ಲ. ಪಕ್ಕದಲ್ಲೇ ಬಲೆಯ ಅಂಚು ಹಿಡಿದು ನಿಂತಿದ್ದ ಗಿರಿಧರನ್ ತಲೆ ಕೆರೆದುಕೊಂಡರು. "ಐದು ಉಳೀತು ಅಂದ್ರೆ ಹಟ್ಟಿ ಉಳೀತು. ಆರನೇದು ಎನ್ನ ಬುದ್ಧಿವಂತಿಕೆಗೆ ಹೋತು."

ಈಗ ಮನೆಗೊಬ್ಬರಂತೆ ಹೆಂಗಸರು ಬಂದು ಯಾವ ದಾರ, ಯಾವ ಕಡೆಗೆ ಎಂದು ಕಲಿಯುತ್ತಿದ್ದಾರೆ. ತಮ್ಮ ಕೆಲಸ ಕಲಿಯಲು ಇಷ್ಟು ಜನ ಬಂದದ್ದು ಪಾಪಾತಿಗೆ ಖುಷಿ, ಆ ಖುಷಿಯನ್ನು ಮುಚ್ಚಿಡುವುದೂ ಇಲ್ಲ. ಇನ್ನೇನು ಆಸೆ ಎಂದು ಕೇಳಿದೆ. ದಾರ ಕಡಿದು, ದಬ್ಬಳವನ್ನು ಬಲೆಗೆ ಚುಚ್ಚಿಟ್ಟರು.

"ಮುಂದಿನ ಸಲ ಅವರು ಎಳೀಲಿ. ನಾ ಮನೆ ಬಾಗಿಲಲ್ಲಿ ಸುಮ್ಮನೆ ನಿಂತು ಆಲಿಕಲ್ಲು ಬೀಳೋದ ನೋಡೋಣು. ಆಗ ಫ್ಯಾಕ್ಟರಿ ಒಳಗೆ ಇದ್ದೆ, ಈಗ ಬಲೆ ಕೆಳಗೆ. ನೆಟ್ಟಗೆ ನೋಡಿದ್ದೇ ಇಲ್ಲೆ. ತುಂಬ ಚೆಂದ ಇರ್ತದಂತೆ."