ಬಲಗಡೆಯ ಮೂರನೇ ಮೆಟ್ಟಿಲು

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ರೈಲಿನ ಚಕ್ರವನ್ನು ತಪ್ಪಾಗಿ ಬರೆದವರನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಕಡೂರಿನ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದೆ. ಮಕ್ಕಳು ರೈಲು ಬರೆದು ತಂದರೆ ಬೇರೆ ಟೀಚರುಗಳು ಭೇಷ್ ಎಂದು ಬೆನ್ನು ತಟ್ಟುತ್ತಿದ್ದರು. ನಾನು ಮಾತ್ರ ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸರಳು ಎಲ್ಲಪ್ಪಾ ಎಂದು ಕೇಳಿ ವಾಪಸ್ ಕಳಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ರಟ್ಟಿನಲ್ಲಿ, ತಗಡಿನಲ್ಲಿ ಪುಟ್ಟ ರೈಲು ಮಾಡುವ ಚಟ ಹತ್ತಿತು. ಮನೆಯವರು ಇದನ್ನು ಹುಚ್ಚು ಎನ್ನುತ್ತಾರೆ. ನಾನು ಅಲ್ಲವೆಂದು ವಾದಿಸಿಲ್ಲ.

ಹುಚ್ಚಿಗೆ ಜೊತೆ ಬೇಕಲ್ಲ, ಫೋನಿನ ಒಂದು ಗುಂಪಿನಲ್ಲಿ ಇಬ್ಬರು ಸಿಕ್ಕರು. ಒಬ್ಬರು ಅಜ್ಜಂಪುರದ ಕೊಬ್ಬರಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಜೇಬಿನಲ್ಲಿ ಸದಾ ಕೂದಲೆಳೆಯನ್ನೂ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್. ಅವರ ಮನೆ ತಾರಸಿಯಲ್ಲಿ ಅರ್ಧಕ್ಕೆ ಕೊಬ್ಬರಿ ಒಣಗುತ್ತದೆ, ಇನ್ನರ್ಧಕ್ಕೆ ಶೀಟು ಹೊದಿಸಿ ಹಲಗೆಯ ಮೇಲೆ ಹಳಿ ಹಾಸಿದ್ದಾರೆ. ಇನ್ನೊಬ್ಬರು ತರೀಕೆರೆಯ ನಿವೃತ್ತ ಇಂಜಿನ್ ಡ್ರೈವರು. ಒರಳುಕಲ್ಲಿನ ಹಾಗೆ ಕುಳ್ಳಗೆ, ಗಟ್ಟಿಮುಟ್ಟು. ನಾವಿಬ್ಬರೂ ಅವರನ್ನು ಅಜ್ಜ ಎಂದೇ ಕರೆಯುವುದು. ನಾವಿಬ್ಬರು ರೈಲನ್ನು ನೋಡಿದವರು, ಅಜ್ಜ ಓಡಿಸಿದವರು. ಆದ್ದರಿಂದ ಜಗಳ ಬಂದಾಗಲೆಲ್ಲ ಅಜ್ಜನದೇ ಕೊನೆ ಮಾತು.

ಅಜ್ಜ ಕೆಲಸಕ್ಕೆ ಸೇರಿದ್ದು ಉಗಿಬಂಡಿಯ ಕಾಲದಲ್ಲಿ, ಫೈರ್‌ಮನ್ ಆಗಿ. ಮೀಟರ್ ಗೇಜಿನ ವೈಪಿ ಎಂಬ ಜಾತಿಯ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲಸ. ಒಂದೇ ಇಂಜಿನ್ನಿನ ಮೇಲೆ ಏಳು ವರ್ಷ ಇದ್ದರಂತೆ. ಆಮೇಲೆ ಡೀಸೆಲ್ ಬಂತು, ಹಳಿ ಅಗಲವಾಯಿತು, ಆ ಇಂಜಿನ್ ಗುಜರಿಗೆ ಹೋಯಿತು. ಅದರ ಒಂದು ಫೋಟೋ ಕೂಡ ಅವರ ಬಳಿ ಇರಲಿಲ್ಲ. ಮದುವೆ ಫೋಟೋ ಇಲ್ಲದಿದ್ದರೂ ನಡೀತಿತ್ತು, ಇಂಜಿನ್ ಫೋಟೋ ಇಲ್ಲವಲ್ಲ ಎಂದು ಅಜ್ಜಿಯ ಎದುರೇ ಹೇಳಿ ಬೈಸಿಕೊಳ್ಳುತ್ತಿದ್ದರು.

ಹೀಗಿರುವಾಗ ದೂರದ ಊರಿನ ಮಾಡೆಲ್ ತಯಾರಕರೊಬ್ಬರು ತಾವು ವೈಪಿ ಇಂಜಿನ್ನಿನ ಮಾಡೆಲ್ ತರುತ್ತಿದ್ದೇವೆ ಎಂದು ಗುಂಪಿನಲ್ಲಿ ಹಾಕಿದರು. ನಿಜವಾದ ಇಂಜಿನ್ನಿನ ಎಂಬತ್ತೇಳರಲ್ಲಿ ಒಂದು ಪಾಲು, ಅಂದರೆ ಒಂದು ಗೇಣು ಉದ್ದ. ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳನ್ನೂ ಮೊದಲ ನಮೂನೆಯ ಫೋಟೋಗಳನ್ನೂ ಹಾಕಿ, 'ಇನ್ನು ಹದಿನೈದು ದಿನಕ್ಕೆ ಅಚ್ಚು ಕೊರೆಯುತ್ತೇವೆ, ಅಷ್ಟರೊಳಗೆ ತಪ್ಪಿದ್ದರೆ ತಿಳಿಸಿ' ಎಂದು ಕೇಳಿದ್ದರು.

ಅಜ್ಜ ಫೋನ್ ಮಾಡಿದರು. "ಟೀಚರಮ್ಮ, ನನ್ ಇಂಜಿನ್ ಬತ್ತೈತೆ ಕಣಮ್ಮ. ಅಚ್ಚು ಕೊರೆದ್ಮೇಲೆ ತಪ್ಪು ತಪ್ಪೇ. ಬೇರೆ ಇನ್ಯಾವುದಾದ್ರೂ ಇಂಜಿನ್ ತಂದು ಕೈಗೆ ಕೊಟ್ರೆ ನಾನೇನ್ ಮಾಡ್ಲಿ? ಭಾನುವಾರ ಇಬ್ರೂ ಬನ್ನಿ."

ಹೋದೆವು. ಬೀರೂರಿನಲ್ಲಿ ನಮ್ಮ ಕೊಬ್ಬರಿ ವ್ಯಾಪಾರಿಗಳು ಜೊತೆಯಾದರು, ಅಲ್ಲಿಂದ ತರೀಕೆರೆಗೆ ಒಂದೇ ಗಾಡಿ. ಅವರು ದಾರಿಯುದ್ದಕ್ಕೂ ಫೋನಿನ ಪರದೆಯ ಮೇಲೆ ಕ್ಯಾಲಿಪರ್ ಇಟ್ಟು ಚಿಮಣಿ ಅಳೆಯುತ್ತಿದ್ದರು. ಪರದೆಯಲ್ಲಿ ಚಿತ್ರ ಹಿಗ್ಗುತ್ತದೆ ಕುಗ್ಗುತ್ತದೆ, ಅದನ್ನು ಅಳೆದರೆ ಏನು ಬಂತು ಎಂದು ನಾನು ರೇಗಿದೆ. ಎದುರು ಕೂತ ಹೆಂಗಸು ನಮ್ಮನ್ನು ಆಸ್ಪತ್ರೆಗೆ ಹೋಗುವ ಗಂಡಹೆಂಡಿರೆಂದು ತಿಳಿದು ಕನಿಕರದಿಂದ ಸೀಟು ಬಿಟ್ಟುಕೊಟ್ಟಳು.

ಅಜ್ಜನ ಪರೀಕ್ಷೆಯ ಕ್ರಮವೇ ಬೇರೆ. ಅವರು ಚಿತ್ರ ನೋಡುವುದು ಕೊನೆಗೆ. ಮೊದಲು ಅಜ್ಜಿಯ ಅಡುಗೆಮನೆಯಿಂದ ಎಣ್ಣೆ ಗಿಂಡಿ ತೆಗೆದುಕೊಂಡು ಅಂಗಳದ ನಡುವೆ ನಿಂತು ಕಣ್ಣು ಮುಚ್ಚುತ್ತಾರೆ. ಆಮೇಲೆ ಅಲ್ಲಿಲ್ಲದ ಇಂಜಿನ್ನಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಡ್ಯೂಟಿ ಶುರುವಾಗುವ ಮುಂಚೆ ಎಣ್ಣೆ ಬಿಡುತ್ತಾ ಸುತ್ತುತ್ತಿದ್ದ ಹಾಗೆಯೇ. ಅಲ್ಲಲ್ಲಿ ನಿಲ್ಲುತ್ತಾರೆ, ಕೈ ಎತ್ತುತ್ತಾರೆ, ಬಗ್ಗುತ್ತಾರೆ. ಕೈ ನಿಂತ ಎತ್ತರವನ್ನು ವ್ಯಾಪಾರಿಗಳು ಟೇಪಿನಲ್ಲಿ ಅಳೆಯಬೇಕು, ನಾನು ಬರೆದುಕೊಳ್ಳಬೇಕು.

"ತಲೆ ಮರಿತದೆ. ಕೈಕಾಲು ಮರಿಯಲ್ಲ," ಎಂದರು ಅಜ್ಜ, ಕಣ್ಣು ಬಿಡದೆ.

ಹೀಗೆ ಸುತ್ತಿ ನಾವು ಎಂಟು ತಪ್ಪು ಹಿಡಿದೆವು. ಮುಂದಿನ ದೀಪ ತುಸು ಕೆಳಗಿದೆ, ಕೈಹಿಡಿ ಮೊಟಕಾಗಿದೆ, ಹೀಗೆ. ಒಂಬತ್ತನೆಯದು ಸಿಕ್ಕಿದ್ದು ಅಜ್ಜ ಇಂಜಿನ್ ಹತ್ತಿದಾಗ. ಬಲಗಡೆಗೆ ಬಂದು, ಗಿಂಡಿಯನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ಕಾಣದ ಸರಳು ಹಿಡಿದು, ಒಂದು, ಎರಡು, ಮೂರು ಎಂದು ಮೊಣಕಾಲೆತ್ತಿ ಹತ್ತಿದರು. ಚಿತ್ರದಲ್ಲಿ ಮೆಟ್ಟಿಲು ಎರಡೇ ಇದ್ದವು.

"ಮೂರು ಕಣಮ್ಮ," ಎಂದರು ಅಜ್ಜ. "ಏಳು ವರ್ಷ ಹತ್ತಿಳಿದಿದೀನಿ."

"ಎಡಗಡೆನೂ ಮೂರಾ ಅಜ್ಜ?" ಎಂದು ಕೇಳಿದೆ.

"ಎಡಗಡೆ ಎರಡೇ. ಅದು ಡ್ರೈವರ್ ಕಡೆ. ಬಲಗಡೆ ಫೈರ್‌ಮನ್ ಕಡೆ, ಅಲ್ಲಿ ಮೂರು."

ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಯಾಕೆ? ಇಲ್ಲಿ ನನ್ನ ಬುದ್ಧಿ ಒಂದು ಕ್ಷಣ ಎಚ್ಚರವಾಗಿತ್ತು. ಆದರೆ ವ್ಯಾಪಾರಿಗಳ ಬಳಿ ಕಾರಣ ಸಿದ್ಧವಾಗಿತ್ತು. "ನಮ್ ಕಡೆ ಪ್ಲಾಟ್‌ಫಾರ್ಮ್ ಎಡಕ್ಕೆ ಬರೋದೇ ಜಾಸ್ತಿ ಅಲ್ವೇನ್ರೀ? ಬಲಕ್ಕೆ ಇಳಿದ್ರೆ ಬರೀ ಜಲ್ಲಿ, ನೆಲ ಕೆಳಗಿರ್ತದೆ. ಅದಕ್ಕೇ ಒಂದು ಮೆಟ್ಲು ಜಾಸ್ತಿ ಕೊಟ್ಟವ್ರೆ. ಎಂಥಾ ತಲೆ ನೋಡ್ರಿ ಆ ಕಾಲದೋರ್ದು!" ಇದು ನನಗೆ ಎಷ್ಟು ಹಿಡಿಸಿತೆಂದರೆ ಅಲ್ಲೇ ಕೂತು ಪ್ಲಾಟ್‌ಫಾರ್ಮು, ಜಲ್ಲಿ, ಮೂರು ಮೆಟ್ಟಿಲು ಎಲ್ಲ ಬರೆದು ಬಾಣದ ಗುರುತು ಹಾಕಿದೆ. ಚಿತ್ರ ಅಚ್ಚುಕಟ್ಟಾಗಿ ಬಂದರೆ ಸಂಗತಿಯೂ ನಿಜವೆಂದು ನಂಬುವುದು ಡ್ರಾಯಿಂಗ್ ಟೀಚರುಗಳ ದೊಡ್ಡ ರೋಗ.

ಪತ್ರ ಬರೆದವಳೂ ನಾನೇ. ಒಂಬತ್ತು ತಪ್ಪುಗಳ ಪಟ್ಟಿ, ಅಜ್ಜನ ಇಂಜಿನ್ನಿನ ನಂಬರು, ಆ ನಂಬರನ್ನೇ ಮಾಡೆಲ್ ಮೇಲೆ ಬರೆಯಬೇಕೆಂಬ ಬೇಡಿಕೆ. ಕೊನೆಯಲ್ಲಿ, 'ನೀವು ಈ ಇಂಜಿನ್ನನ್ನು ಚಿತ್ರದಲ್ಲಿ ನೋಡಿದ್ದೀರಿ, ನಾವು ಹತ್ತಿ ನೋಡಿದ್ದೇವೆ' ಎಂದೂ ಸೇರಿಸಿದೆ. ನಾನು ಜನ್ಮದಲ್ಲಿ ಉಗಿ ಇಂಜಿನ್ ಹತ್ತಿದವಳಲ್ಲ. ವ್ಯಾಪಾರಿಗಳಂತೂ ಏಣಿ ಹತ್ತಲೂ ಹೆದರುತ್ತಾರೆ.

ಉತ್ತರ ನಾಲ್ಕು ದಿನಕ್ಕೆ ಬಂತು. ನಾನು ಅದನ್ನು ಪೂರ್ತಿ ಓದದೆ, ಅಜ್ಜನ ಎದುರೇ ತೆರೆಯೋಣವೆಂದು ಮುಂದಿನ ಭಾನುವಾರದ ತನಕ ಕಾದೆ. ಅಜ್ಜಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿದ್ದರು. ನಾನು ಗಟ್ಟಿಯಾಗಿ ಓದುತ್ತಾ ಹೋದೆ. ದೀಪದ ವಿಷಯ ಒಪ್ಪಿದ್ದಾರೆ. ಕೈಹಿಡಿ ಒಪ್ಪಿದ್ದಾರೆ. ಎಂಟರಲ್ಲಿ ಐದು ಒಪ್ಪಿ, ಮೂರಕ್ಕೆ ನಕಾಶೆ ಕಳಿಸಿ ಇದು ಹೀಗೇ ಇತ್ತು ಎಂದು ಮರ್ಯಾದೆಯಿಂದ ತೋರಿಸಿದ್ದಾರೆ. ವ್ಯಾಪಾರಿಗಳು ಪ್ರತಿ ಒಪ್ಪಿಗೆಗೂ ಒಂದೊಂದು ಬಜ್ಜಿ ತಿಂದರು.

ಒಂಬತ್ತನೆಯದಕ್ಕೆ ಬಂದೆ. 'ಮೂರನೇ ಮೆಟ್ಟಿಲು ಯಾವ ನಕಾಶೆಯಲ್ಲೂ ಇಲ್ಲ. ನೀವು ಹೇಳಿದ ನಂಬರಿನ ಇಂಜಿನ್ನಿನದೇ ಒಂದು ಹಳೆಯ ಫೋಟೋ ನಮ್ಮ ಸಂಗ್ರಹದಲ್ಲಿ ಸಿಕ್ಕಿತು. ಬಲಗಡೆಯಿಂದಲೇ ತೆಗೆದದ್ದು. ದಯವಿಟ್ಟು ನೋಡಿ.'

ಫೋಟೋ ತೆರೆದೆ. ಅಜ್ಜ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. ನಂಬರು ನೋಡಿದರು. "ಇದೇ! ಲೇ ಇವಳೇ, ಬಾರೇ ಇಲ್ಲಿ, ಇದೇ ಕಣೇ!" ಎಂದು ಕೂಗಿದರು. ಅಷ್ಟು ವರ್ಷದ ಮೇಲೆ ಅದರ ಮುಖ ಕಂಡ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದು, ಒರೆಸಿಕೊಂಡು, ಮತ್ತೆ ನೋಡಿ, ಮತ್ತೆ ಒರೆಸಿಕೊಂಡರು.

ಆಮೇಲೆ ಅವರ ಬೆರಳು ಮೆಲ್ಲಗೆ ಕೆಳಗೆ ಬಂತು. ಬಲಗಡೆ ಎರಡೇ ಮೆಟ್ಟಿಲಿದ್ದವು.

ನನಗೆ ತಡೆಯಲಾಗಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನನ್ನದು. ಫೋಟೋ ಹಳೆಯದು, ಆಮೇಲೆ ಎಲ್ಲ ಇಂಜಿನ್ನಿಗೂ ಹಾಕಿರಬೇಕು, ಇವರಿಗೆ ಗೊತ್ತಿಲ್ಲ ಎಂದು ಶುರುಮಾಡಿದೆ. ವ್ಯಾಪಾರಿಗಳು ಪ್ಲಾಟ್‌ಫಾರ್ಮಿನ ಕಥೆಯನ್ನು ಮತ್ತೆ ತೆಗೆದರು. ಬಜ್ಜಿ ತಟ್ಟೆ ಹಿಡಿದು ನಿಂತಿದ್ದ ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿದರು.

"ಯಾವ ಮೆಟ್ಲು? ಆ ಮೇಸ್ತ್ರಿ ಹಾಕ್ಕೊಟ್ನಲ್ಲ, ಅದಾ?" ಎಂದರು ಅಜ್ಜಿ. "ಏನ್ರೀ, ಮರ್ತೇ ಬಿಟ್ರಾ? ಹೊಸದಾಗಿ ಕೆಲ್ಸಕ್ಕೆ ಸೇರಿದ್ದಾಗ ಇವರಿಗೆ ಕಾಲು ಎಟುಕ್ತಾನೇ ಇರ್ಲಿಲ್ಲವಂತೆ. ದಿನಾ ಡ್ರೈವರ್ ಕೈ ಹಿಡ್ದು ಮೇಲಕ್ಕೆ ಎಳ್ಕೊಳೋರಂತೆ, ಮಗೂನ ಎಳ್ಕಂಡಂಗೆ. ಶೆಡ್ಡಿನ ಮೇಸ್ತ್ರಿ ನೋಡೋಕಾಗ್ದೆ ಇವರ ಕಡೆಗೆ ಒಂದು ಮೆಟ್ಲು ಬೆಸುಗೆ ಹಾಕ್ದ. ಮದುವೆ ಆದ ಹೊಸ್ತರಲ್ಲಿ ನೀವೇ ಹೇಳಿದ್ರಲ್ರೀ!"

ಮೊದಲು ನಕ್ಕವರು ಅಜ್ಜ. ತೊಡೆ ತಟ್ಟಿಕೊಂಡು ನಕ್ಕರು. "ಹೌದಲ್ಲೇ! ಏಳು ವರ್ಷ ತುಳಿದು ತುಳಿದು, ಅದು ಇಂಜಿನ್ ಜೊತೇಲೇ ಹುಟ್ಟಿದ್ದು ಅಂತ ಅಂದ್ಕಂಡ್‌ಬಿಟ್ಟಿದ್ದೆ." ನಾನು ಬಾಣ ಹಾಕಿ ಬರೆದ ಚಿತ್ರ ನೆನಪಾಗಿ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ವ್ಯಾಪಾರಿಗಳು, "ಆ ಕಾಲದೋರ ತಲೆ ನೋಡ್ರಿ," ಎಂದು ತಮ್ಮನ್ನೇ ಅಣಕಿಸಿಕೊಂಡರು. ನಾಲ್ವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಗು ಮುಗಿದ ಮೇಲೆ ವ್ಯಾಪಾರಿಗಳು ಒಂದು ಮಾತು ಹೇಳಿದರು. "ಅಚ್ಚಿಗಿನ್ನೂ ನಾಲ್ಕು ದಿನ ಐತೆ. ಮೆಟ್ಲು ಇತ್ತು ಅನ್ನೋದಂತೂ ಸುಳ್ಳಲ್ಲ. ಒತ್ತಿ ಬರೀರಿ ಟೀಚರ್, ಹಾಕ್ತಾರೆ."

ನನಗೂ ಆಸೆಯಾಯಿತು. ಅಜ್ಜ ತಲೆಯಾಡಿಸಿಬಿಟ್ಟರು. "ಬ್ಯಾಡ. ದೇಶದಲ್ಲಿರೋ ಇಂಜಿನ್‌ಗೆಲ್ಲಾ ನನ್ನ ಕುಳ್ಳತನ ಅಂಟಿಸೋದಾ? ಇಂಜಿನ್ ಸರಿಯಾಗಿ ಬರ್ಲಿ. ತಪ್ಪಾಯ್ತು ಅಂತ ಬರೀರಿ ಟೀಚರಮ್ಮ."

ಬರೆದೆ. 'ಹತ್ತಿ ನೋಡಿದ್ದೇವೆ' ಎಂದದ್ದಕ್ಕೂ ಸೇರಿಸಿ ಕ್ಷಮೆ ಕೇಳಿದೆ. ಆದರೆ ಅಜ್ಜ ಬಜ್ಜಿ ಮುಟ್ಟಲಿಲ್ಲ. ಎರಡು ಮೆಟ್ಟಿಲಿನ ಇಂಜಿನ್ ಎಲ್ಲರ ವೈಪಿ. ಅದು ಅವರ ಇಂಜಿನ್ ಅಲ್ಲ. ತಪ್ಪು ಹುಡುಕಲು ಹೋಗಿ ಅವರ ಇಂಜಿನ್ನನ್ನೇ ಕಳೆದೆವಲ್ಲ ಎಂದು ನನಗೆ ಸಂಕಟವಾಯಿತು. ಹೊರಡುವಾಗ ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು ಅಂಗೈಯಲ್ಲಿ ಏನೋ ಒತ್ತಿದರು. ಅಜ್ಜನ ಹಳೆಯ ಯೂನಿಫಾರ್ಮಿನ ಹಿತ್ತಾಳೆ ಗುಂಡಿ.

"ಉಳಿದಿರೋದು ಇದೊಂದೇ. ನೀವು ಏನೇನೋ ಕೊರೀತಿರ್ತೀರಲ್ಲ, ಅವರಿಗೊಂದು ಮೆಟ್ಲು ಮಾಡ್ಕೊಡಿ."

ಮಾಡೆಲ್ ಬರಲು ಎಂಟು ತಿಂಗಳು ಹಿಡಿಯಿತು. ಅಜ್ಜನದೊಂದನ್ನು ನಮ್ಮ ವಿಳಾಸಕ್ಕೇ ತರಿಸಿ, ನೇರ ಅಜ್ಜಂಪುರಕ್ಕೆ, ವ್ಯಾಪಾರಿಗಳ ತಾರಸಿಗೆ ಒಯ್ದೆ. ದೀಪ ಮೇಲೇರಿತ್ತು, ಕೈಹಿಡಿ ಉದ್ದವಾಗಿತ್ತು, ನಂಬರು ಅಜ್ಜನದೇ. ಗುಂಡಿಯನ್ನು ತಟ್ಟಿ ತೆಳ್ಳಗೆ ಮಾಡಿ ಕತ್ತರಿಸಿದೆವು. ಎಂಬತ್ತೇಳರಲ್ಲೊಂದು ಪಾಲಿನ ಮೆಟ್ಟಿಲೆಂದರೆ ಅಕ್ಕಿನುಚ್ಚಿನಷ್ಟು. ವ್ಯಾಪಾರಿಗಳು ಅದನ್ನು ಚಿಮುಟದಲ್ಲಿ ಹಿಡಿದು, "ನೋಡ್ರಿ, ಅಳತೆ ಸರಿ ಬಂತು," ಎನ್ನುವಷ್ಟರಲ್ಲಿ ಸೀನಿದರು. ಮೆಟ್ಟಿಲು ಕೊಬ್ಬರಿ ರಾಶಿಗೆ ಹಾರಿತು. ಒಂದು ಗಂಟೆ ಹೋಳುಗಳನ್ನು ಒಂದೊಂದಾಗಿ ತಿರುವಿ ಹುಡುಕಿದರೂ ಸಿಗಲಿಲ್ಲ. ಎಲ್ಲೋ ಯಾರದೋ ಚಟ್ನಿಪುಡಿಗೆ ಹೋಗಿರಬೇಕು. ಅವರನ್ನು ಬಾಯಿಗೆ ಬಂದಂತೆ ಬೈದು, ಇನ್ನೊಂದು ತುಂಡು ಕತ್ತರಿಸಿ, ಅವರು ಮೂಗು ಮುಚ್ಚಿಕೊಂಡು ದೂರ ನಿಂತ ಮೇಲೆ ನಾನೇ ಅಂಟಿಸಿದೆ. ಬಲಗಡೆ ಮಾತ್ರ, ಎರಡು ಮೆಟ್ಟಿಲಿನ ಕೆಳಗೆ.

ತರೀಕೆರೆಯಲ್ಲಿ ಅಜ್ಜನ ಮುಂದೆ ಪೆಟ್ಟಿಗೆ ಇಟ್ಟೆವು. ಮೆಟ್ಟಿಲಿನ ವಿಷಯ ಯಾರೂ ಬಾಯಿ ಬಿಡಲಿಲ್ಲ. ಅಜ್ಜ ಕನ್ನಡಕ ಹಾಕಿ, ಭೂತಗನ್ನಡಿ ಹಿಡಿದು, ಎಡಗಡೆಯಿಂದ ಪರೀಕ್ಷೆ ಶುರುಮಾಡಿದರು. "ದೀಪ ಸರಿ. ಚಿಮಣಿ ಸರಿ. ಕೈಹಿಡಿ, ಹ್ಞೂಂ, ಈಗ ಸರಿ." ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಅಜ್ಜ ಇಂಜಿನ್ನನ್ನು ಮೆಲ್ಲಗೆ ತಿರುಗಿಸಿದರು.

ಭೂತಗನ್ನಡಿ ಬಲಗಡೆಯ ಕೆಳಗೆ ನಿಂತುಬಿಟ್ಟಿತು. ಬಹಳ ಹೊತ್ತು ಅಲ್ಲೇ ಇತ್ತು. ಕಪ್ಪು ಬಣ್ಣ ಬಳಿಯೋಣವೆಂದು ವ್ಯಾಪಾರಿಗಳು ಹೇಳಿದ್ದರೂ ನಾನು ಬಳಿದಿರಲಿಲ್ಲ. ಹಿತ್ತಾಳೆ ಹಾಗೇ ಹೊಳೆಯುತ್ತಿತ್ತು. ಅಜ್ಜ ತಮ್ಮ ಅಂಗಿಯ ಎದೆಯ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಅಜ್ಜಿಯ ಕಡೆ ನೋಡಿದರು. ಅಜ್ಜಿ ಏನೂ ಗೊತ್ತಿಲ್ಲದವರಂತೆ ಸೂರು ನೋಡಿದರು.

ಅಜ್ಜ ಬಲಗೈಯ ಎರಡು ಬೆರಳನ್ನು ಕಾಲುಗಳ ಹಾಗೆ ಊರಿ, ಮೇಜಿನ ಮೇಲೆ ನಡೆಸುತ್ತಾ ಇಂಜಿನ್ನಿನ ಪಕ್ಕಕ್ಕೆ ತಂದರು. ಕಣ್ಣು ಮುಚ್ಚಿದರು. "ಒಂದು," ಎಂದರು. ಉಗುರು ಆ ಅಕ್ಕಿನುಚ್ಚನ್ನು ತಾಕಿತು. "ಎರಡು. ಮೂರು." ಬೆರಳುಗಳು ಇಂಜಿನ್ನಿನೊಳಗೆ ಹೋಗಿ ನಿಂತವು.

"ಎಟುಕ್ತು ಕಣಮ್ಮ," ಎಂದರು, ಕಣ್ಣು ಬಿಡದೆಯೇ.

"ಹತ್ತಿದ್ದು ಸಾಕು," ಎಂದರು ಅಜ್ಜಿ. "ಇಳೀರಿ ಈಗ, ಊಟಕ್ಕೆ ಎಲೆ ಹಾಕ್ತೀನಿ."